ಆರೋಪ ಬಂದಾಗ ಶರಣನ ನಿಲವು



ನೇತ್ರಾವತಿಯ ದಂಡೆಯಲ್ಲಿರುವ ಬಂಟವಾಳದಿಂದ ಬೆಳ್ತಂಗಡಿಯ ಮಾರ್ಗವಾಗಿ ಘಟ್ಟದ ಕಡೆಗೆ ಹೋಗುವವರೆಲ್ಲರೂ ಬರಿಯ ಯಾತ್ರಿಕರಲ್ಲ. ಅವರಲ್ಲಿ ಕೆಲವರು ನ್ಯಾಯವನ್ನು ಅರಸಿ ಹೊರಟವರು. ಅಣ್ಣತಮ್ಮಂದಿರೊಳಗೆ ತೋಟದ ಗಡಿಯ ವ್ಯಾಜ್ಯ, ಅಡಕೆಯ ತೂಕದಲ್ಲಿ ಮೋಸವಾಯಿತೆಂಬ ದೂರು, ಕೊಟ್ಟ ಸಾಲ ತೀರಿತೋ ಇಲ್ಲವೋ ಎಂಬ ತಕರಾರು, ಇಂಥವು ಮನೆಯ ಹಿರಿಯರಿಂದ ಬಗೆಹರಿಯದೆ ಹೋದಾಗ ಧರ್ಮಸ್ಥಳಕ್ಕೆ ಹೋಗಿ ಹೆಗ್ಗಡೆಯವರ ಮುಂದೆ ಹೇಳಿಕೊಳ್ಳುವುದು, ಮಂಜುನಾಥನ ಸನ್ನಿಧಿಯಲ್ಲಿ ಆಡಿದ ಮಾತಿಗೆ ತಪ್ಪದಿರುವುದು ಆ ಸೀಮೆಯ ಹಳೆಯ ಪದ್ಧತಿ. 'ಮಾತು ಬಿಡ ಮಂಜುನಾಥ' ಎಂಬ ನಾಣ್ಣುಡಿಯನ್ನು ನಾಡಿನ ಎಲ್ಲ ಭಾಗದವರೂ ಬಲ್ಲರು.

ಈ ಪದ್ಧತಿಯಲ್ಲಿ ಒಂದು ದೊಡ್ಡ ತಿಳಿವಳಿಕೆ ಅಡಗಿದೆ. ಒಬ್ಬನ ಮೇಲೆ ಆರೋಪ ಬಂದಿತೆಂದರೆ ಅವನ ಸ್ವಭಾವ ಹೊರಬೀಳುತ್ತದೆ. ಒಬ್ಬನು ಕೋಪಗೊಂಡು ಎದುರಾಳಿಯ ಮನೆತನವನ್ನೇ ಜಾಲಾಡುತ್ತಾನೆ. ಇನ್ನೊಬ್ಬನು ಹೆಂಡಿರು ಮಕ್ಕಳನ್ನು ಮುಂದಿಟ್ಟುಕೊಂಡು ಕಣ್ಣೀರು ಸುರಿಸುತ್ತಾನೆ. ಮತ್ತೊಬ್ಬನು ವಶೀಲಿಗಾಗಿ ದೊಡ್ಡವರ ಬಾಗಿಲು ಕಾಯುತ್ತಾನೆ. ಈ ಮೂರರಲ್ಲಿಯೂ ಅವನು ಕಾಪಾಡಿಕೊಳ್ಳಲು ಹೆಣಗುವುದು ತನ್ನನ್ನೇ ಹೊರತು ಸತ್ಯವನ್ನಲ್ಲ. ಹಾಗಾದರೆ ನಿರಪರಾಧಿಯಾದವನು ಸಭೆಯ ಮುಂದೆ ಹೇಗೆ ನಿಲ್ಲಬೇಕು? ಇದಕ್ಕೆ ಉತ್ತರವಾಗಿ ಮೂರು ಊರುಗಳ ಮೂವರನ್ನು ಇಲ್ಲಿ ನೆನೆಯುವೆವು. ಮೊದಲನೆಯವನು ಗ್ರೀಸ್ ದೇಶದ ಅಥೆನ್ಸ್ ನಗರದವನು, ಎರಡನೆಯವನು ನಮ್ಮ ಮೂಡಬಿದಿರೆಯವನು, ಮೂರನೆಯವರು ಕಲ್ಯಾಣದ ಬಸವಣ್ಣನವರು.

ಅಥೆನ್ಸಿನ ಸಭೆ

ಕ್ರಿಸ್ತಪೂರ್ವ 399ರಲ್ಲಿ ಸಾಕ್ರೆಟೀಸನೆಂಬ 70 ವರ್ಷದ ತತ್ತ್ವಜ್ಞಾನಿಯನ್ನು ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಲ್ಲಿಸಿದರು. ಅವನ ತಂದೆ ಶಿಲ್ಪಿ, ತಾಯಿ ಸೂಲಗಿತ್ತಿ. ತಾಯಿ ಕೂಸನ್ನು ಹೆರಿಗೆ ಮಾಡಿಸುವಂತೆ ತಾನು ಜನರ ಮನಸ್ಸಿನೊಳಗಿನ ವಿಚಾರವನ್ನು ಪ್ರಶ್ನೆಗಳಿಂದ ಹೊರತೆಗೆಯುವವನೆಂದು ಅವನು ತನ್ನ ಕೆಲಸವನ್ನು ಬಣ್ಣಿಸುತ್ತಿದ್ದನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪ್ರಶ್ನೆಯೇ ಅವನ ಕಾಯಕ. ಆ ಕಾಯಕಕ್ಕೆ ಅವನು ಯಾರಿಂದಲೂ ಸಂಬಳ ಪಡೆಯಲಿಲ್ಲ. ಒಂದು ಗ್ರಂಥವನ್ನೂ ಬರೆಯಲಿಲ್ಲ.

ಮೆಲೀಟಸ್, ಅನೀಟಸ್, ಲೈಕಾನ್ ಎಂಬ ಮೂವರು ಅವನ ಮೇಲೆ ದೂರಿತ್ತರು. ನಗರವು ನಂಬಿದ ದೇವತೆಗಳನ್ನು ಇವನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬುದೇ ಆ ದೂರು. ತೀರ್ಪು ಹೇಳಬೇಕಾದವರು ಚೀಟಿ ಎತ್ತಿ ಆರಿಸಿದ ಸುಮಾರು 500 ಮಂದಿ ಸಾಮಾನ್ಯ ಪ್ರಜೆಗಳು. ಆಪಾದಿತನ ಪರವಾಗಿ ವಾದಿಸಲು ಇಂದಿನಂತೆ ವಕೀಲರಿರಲಿಲ್ಲ. ತೂತಿನ ಪಾತ್ರೆಯಿಂದ ನೀರು ಸೋರಿ ಮುಗಿಯುವವರೆಗೆ ಅವನೇ ಮಾತಾಡಬೇಕು. ಎಲ್ಲವೂ ಒಂದೇ ದಿನದಲ್ಲಿ ತೀರಬೇಕು.

ಆ ನಗರದ ಸ್ಥಿತಿಯನ್ನೂ ನಾವು ಮರೆಯಬಾರದು. ಐದು ವರ್ಷಗಳ ಹಿಂದೆ, ಕ್ರಿಸ್ತಪೂರ್ವ 404ರಲ್ಲಿ, ಅಥೆನ್ಸ್ ಸ್ಪಾರ್ಟಾಕ್ಕೆ ಸೋತು ಶರಣಾಗಿತ್ತು. ಬಳಿಕ ಮೂವತ್ತು ಮಂದಿಯ ಕ್ರೂರ ಆಡಳಿತವು ಅನೇಕರ ಪ್ರಾಣ ತೆಗೆದಿತ್ತು. ಆ ಮೂವತ್ತರಲ್ಲಿ ಮುಂದಾಳಾಗಿದ್ದ ಕ್ರಿಟಿಯಸನು ಹಿಂದೊಮ್ಮೆ ಸಾಕ್ರೆಟೀಸನ ಸಂಗಡ ಓಡಾಡಿದವನು. ಗಾಯ ಮಾಯದ ಊರಿಗೆ ಒಬ್ಬ ಅಪರಾಧಿ ಬೇಕಾಗಿತ್ತು. ತೀರ್ಪು ಹೇಳಲು ಕುಳಿತವರು ರಾಕ್ಷಸರಲ್ಲ, ನೊಂದು ಹೆದರಿದ ನಮ್ಮಂಥ ಮನೆವಂದಿಗರು.

ಸಾಕ್ರೆಟೀಸನು ಅಂದು ಆಡಿದುದನ್ನು ಸಭೆಯಲ್ಲಿದ್ದ ಅವನ ಶಿಷ್ಯ ಪ್ಲೇಟೋ ಬರೆದಿಟ್ಟಿದ್ದಾನೆ. ತನಗೆ ಅಲಂಕಾರದ ಮಾತು ಬಾರದು, ಪೇಟೆಯಲ್ಲಿ ದಿನವೂ ಆಡುವ ಮಾತಿನಲ್ಲಿಯೇ ಹೇಳುವೆನು ಎಂದು ಅವನು ತೊಡಗಿದನು. ತನ್ನ ನಿಜವಾದ ವಿರೋಧಿಗಳು ಈ ಮೂವರಲ್ಲ, ಬಹುಕಾಲದಿಂದ ಬೆಳೆದುಬಂದ ಅಪವಾದವೇ ತನ್ನ ಎದುರಾಳಿ ಎಂದನು. 24 ವರ್ಷಗಳ ಹಿಂದೆ ಅರಿಸ್ಟೋಫನೀಸನೆಂಬ ಕವಿ ನಾಟಕದಲ್ಲಿ ಅವನನ್ನು ಹಾಸ್ಯಪಾತ್ರವಾಗಿಸಿ ಆಡಿಸಿದ್ದನು. ಅದನ್ನು ನೋಡಿ ನಕ್ಕ ಮಕ್ಕಳೇ ಬೆಳೆದು ನ್ಯಾಯಾಧೀಶರಾಗಿ ಕುಳಿತಿದ್ದರು! ಸುಳ್ಳುಗಾರನನ್ನು ಎದುರಿಸಬಹುದು, ಹೆಸರಿಲ್ಲದ ಗಾಳಿಮಾತನ್ನು ಯಾವ ಸಾಕ್ಷಿಕಟ್ಟೆಗೆ ಕರೆಯುವುದು?

ಬಳಿಕ ತನ್ನ ಕಾಯಕದ ಮೂಲವನ್ನು ಹೇಳಿದನು. ಡೆಲ್ಫಿಯ ದೇವಾಲಯದಲ್ಲಿ ಗೆಳೆಯನೊಬ್ಬನು ಕೇಳಿದ ಪ್ರಶ್ನೆಗೆ, ಸಾಕ್ರೆಟೀಸನಿಗಿಂತ ಜ್ಞಾನಿಗಳಿಲ್ಲವೆಂಬ ದೈವವಾಣಿ ದೊರೆಯಿತಂತೆ. ಅದರ ಅರ್ಥವನ್ನು ತಿಳಿಯಲೆಂದು ಅವನು ರಾಜಕಾರಣಿಗಳನ್ನು, ಕವಿಗಳನ್ನು, ಕುಶಲಕರ್ಮಿಗಳನ್ನು ಪ್ರಶ್ನಿಸುತ್ತ ಹೋದನು. ಅವರೆಲ್ಲರೂ ತಮಗೆ ತಿಳಿಯದುದನ್ನೂ ತಿಳಿದಿರುವೆವೆಂದು ನಂಬಿದ್ದರು. ತನಗೆ ತಿಳಿಯದೆಂಬ ಅರಿವು ಇವನೊಬ್ಬನಿಗಿತ್ತು. ಹೀಗೆ ಪರರ ಅಜ್ಞಾನವನ್ನು ತೋರಿಸಿದವನಿಗೆ ಪ್ರೀತಿ ದೊರೆಯುವುದುಂಟೆ?

ಅವನು ತನ್ನ ನಡೆಯಿಂದ ಎರಡು ಸಾಕ್ಷ್ಯಗಳನ್ನಿತ್ತನು. ಕ್ರಿಸ್ತಪೂರ್ವ 406ರಲ್ಲಿ ಸಮುದ್ರಯುದ್ಧವೊಂದರ ಬಳಿಕ, ನೀರಿನಲ್ಲಿದ್ದ ತಮ್ಮವರನ್ನು ಎತ್ತಲಿಲ್ಲವೆಂಬ ಕಾರಣಕ್ಕೆ ಸೇನಾಪತಿಗಳನ್ನೆಲ್ಲ ಒಟ್ಟಿಗೆ, ಕಾನೂನಿಗೆ ವಿರುದ್ಧವಾಗಿ ವಿಚಾರಿಸಬೇಕೆಂದು ಜನರು ಕೂಗಿದರು. ಅಂದು ಅಧಿಕಾರ ಸ್ಥಾನದಲ್ಲಿದ್ದ ಸಾಕ್ರೆಟೀಸನು ಅದಕ್ಕೆ ಒಪ್ಪಲಿಲ್ಲ. ಮುಂದೆ ಮೂವತ್ತರ ಆಡಳಿತವು ಲಿಯೋನನೆಂಬ ನಿರಪರಾಧಿಯನ್ನು ಕೊಲ್ಲಲು ಹಿಡಿದು ತರಬೇಕೆಂದು ಐವರಿಗೆ ಅಪ್ಪಣೆ ಮಾಡಿತು. ನಾಲ್ವರು ಹೋದರು, ಐದನೆಯವನಾದ ಇವನು ಸುಮ್ಮನೆ ಮನೆಗೆ ನಡೆದನು. ಬಹುಜನರು ಆಳಿದಾಗಲೂ ಕೆಲವರು ಆಳಿದಾಗಲೂ ಅವನ ಅಳತೆಗೋಲು ಒಂದೇ ಆಗಿತ್ತು.

ಆಪಾದಿತರು ಮಕ್ಕಳನ್ನು ಕರೆತಂದು ಕರುಣೆ ಬೇಡುವುದು ಅಲ್ಲಿ ವಾಡಿಕೆ. ಸಾಕ್ರೆಟೀಸನಿಗೂ ಮೂವರು ಗಂಡುಮಕ್ಕಳಿದ್ದರು, ಅವರಲ್ಲಿ ಇಬ್ಬರು ಇನ್ನೂ ಎಳೆಯರು. ಆದರೂ ಅವರನ್ನು ಸಭೆಗೆ ತರಲಿಲ್ಲ. ನ್ಯಾಯಾಧೀಶನು ನ್ಯಾಯವನ್ನು ನೋಡಿ ತೀರ್ಪು ಕೊಡುವೆನೆಂದು ಪ್ರಮಾಣ ಮಾಡಿದವನು. ಅವನನ್ನು ಕಣ್ಣೀರಿನಿಂದ ಕರಗಿಸುವುದೆಂದರೆ ಪ್ರಮಾಣ ಮುರಿಯಲು ಕಲಿಸಿದಂತೆ. ದೈವವನ್ನು ಮನ್ನಿಸದವನೆಂಬ ಆರೋಪ ಹೊತ್ತವನೇ ಅನ್ಯರ ಆಣೆಯನ್ನು ಕಾಪಾಡಲು ನಿಂತನು! ಬಂಟವಾಳ ಬೆಳ್ತಂಗಡಿಯ ಕಡೆಯ ಜನರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಭೆಯು ಅವನನ್ನು ಅಪರಾಧಿಯೆಂದಿತು. ಮೂವತ್ತು ಮತಗಳು ಆಚೆಯಿಂದ ಈಚೆಗೆ ಬಂದಿದ್ದರೆ ಅವನು ಬಿಡುಗಡೆಯಾಗುತ್ತಿದ್ದನು. ಯಾವ ಶಿಕ್ಷೆ ತಕ್ಕುದೆಂದು ಕೇಳಿದಾಗ, ನಗರಕ್ಕೆ ಉಪಕಾರ ಮಾಡಿದವರಿಗೆ ಕೊಡುವಂತೆ ತನಗೂ ಸಾರ್ವಜನಿಕ ಭೋಜನಶಾಲೆಯಲ್ಲಿ ಊಟ ಹಾಕಿಸಬೇಕೆಂದನು. ಕೊನೆಗೆ ಗೆಳೆಯರ ಹೊಣೆಯ ಮೇಲೆ ಮೂವತ್ತು ಮೀನಾ ಬೆಳ್ಳಿಯ ದಂಡಕ್ಕೆ ಒಪ್ಪಿದನು. ಸಭೆಯು ಮರಣವನ್ನೇ ವಿಧಿಸಿತು. ಅವನು ಯಾರನ್ನೂ ಶಪಿಸಲಿಲ್ಲ. ಸಾವಿನಿಂದ ತಪ್ಪಿಸಿಕೊಳ್ಳುವುದಕ್ಕಿಂತ ಅಧರ್ಮದಿಂದ ತಪ್ಪಿಸಿಕೊಳ್ಳುವುದು ಕಷ್ಟವೆಂದನು. ತನ್ನ ಮಕ್ಕಳು ದೊಡ್ಡವರಾದ ಮೇಲೆ ಸದ್ಗುಣಕ್ಕಿಂತ ಹಣವನ್ನು ಹೆಚ್ಚೆಂದು ಬಗೆದರೆ, ತಾನು ಊರವರನ್ನು ಕಾಡಿದಂತೆ ಊರವರು ಅವರನ್ನು ಕಾಡಿ ತಿದ್ದಬೇಕೆಂದು, ತನಗೆ ಮರಣ ವಿಧಿಸಿದವರನ್ನೇ ಬೇಡಿಕೊಂಡನು. ಒಂದು ತಿಂಗಳ ಬಳಿಕ ಸೆರೆಮನೆಯಲ್ಲಿ ವಿಷದ ಬಟ್ಟಲನ್ನು ಕುಡಿದು ದೇಹ ಬಿಟ್ಟನು.

ಮೂಡಬಿದಿರೆಯ ಕವಿ

ಇನ್ನು ನಮ್ಮ ನಾಡಿಗೆ ಬರೋಣ. 1430ರಲ್ಲಿ ತಲೆಯೆತ್ತಿದ ಸಾವಿರ ಕಂಬದ ಬಸದಿಯೇ ಮೊದಲಾದ ಹದಿನೆಂಟು ಬಸದಿಗಳ ಮೂಡಬಿದಿರೆಯಲ್ಲಿ, 16ನೆಯ ಶತಮಾನದಲ್ಲಿ, ರತ್ನಾಕರವರ್ಣಿ ಎಂಬ ಜೈನಕವಿ ಇದ್ದನು. ಅವನ 'ಭರತೇಶ ವೈಭವ' ಸಾಂಗತ್ಯದಲ್ಲಿ ರಚಿತವಾದ, ಸುಮಾರು ಹತ್ತು ಸಾವಿರ ಪದ್ಯಗಳ ಮಹಾಕಾವ್ಯ. ಆದಿತೀರ್ಥಂಕರನ ಮಗನಾದ ಭರತ ಚಕ್ರವರ್ತಿ ಅದರ ನಾಯಕ. ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ 1604ರಿಂದ ಶಿಲೆಯಾಗಿ ನಿಂತಿರುವ ಬಾಹುಬಲಿ ಈ ಭರತನ ತಮ್ಮನೇ. ಹಳೆಯ ಕಾವ್ಯಗಳಲ್ಲಿ ಭರತನದು ತಮ್ಮನ ಮುಂದೆ ಸೋತ ಅಣ್ಣನ ಪಾತ್ರ. ರತ್ನಾಕರನಾದರೋ ಅವನನ್ನು ಅರಮನೆಯ ಭೋಗದ ನಡುವೆಯೇ ಆತ್ಮಧ್ಯಾನದಲ್ಲಿ ನೆಲೆನಿಂತ ಯೋಗಿಯನ್ನಾಗಿ ಚಿತ್ರಿಸಿದನು. ಸಂಸಾರದಲ್ಲಿದ್ದೇ ಸಾಧನೆ ಮಾಡಬಹುದೆಂಬ ಈ ನಿಲವು ಗೃಹಸ್ಥರಾದ ನಮಗೆ ಅಪರಿಚಿತವಲ್ಲ.

19ನೆಯ ಶತಮಾನದಲ್ಲಿ ದೇವಚಂದ್ರನೆಂಬ ಜೈನ ಪಂಡಿತನು ಬರೆದ 'ರಾಜಾವಳಿ ಕಥೆ'ಯಲ್ಲಿ ಈ ಕವಿಯ ವೃತ್ತಾಂತ ಬರುತ್ತದೆ. ಕಾವ್ಯ ಮುಗಿದಾಗ ಅದನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಬೇಕೆಂದು ರತ್ನಾಕರನು ಕೇಳಿದನಂತೆ. ಅದರಲ್ಲಿಯ ಕೆಲವು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆಯೆಂದು ಭಟ್ಟಾರಕರು ನಿರಾಕರಿಸಿದರಂತೆ. ವಾದ ಬೆಳೆಯಿತು. ಊರಿನ ಶ್ರಾವಕರು ಯಾರೂ ಅವನಿಗೆ ಅನ್ನವಿಕ್ಕಬಾರದೆಂಬ ಕಟ್ಟು ಬಿದ್ದಿತು. ಒಡಹುಟ್ಟಿದವಳ ಮನೆಯ ಊಟವೊಂದೇ ಅವನಿಗೆ ಉಳಿಯಿತು. ಆಗ ಬೇಸತ್ತ ಕವಿ ಲಿಂಗಧಾರಣೆ ಮಾಡಿಕೊಂಡು ವೀರಶೈವನಾದನು, ಆ ಮತದ ಕೃತಿಗಳನ್ನೂ ರಚಿಸಿದನು, ಕಾಲಾನಂತರದಲ್ಲಿ ಮತ್ತೆ ಜೈನಧರ್ಮಕ್ಕೆ ಮರಳಿದನು ಎಂದು ಕಥೆ ಮುಗಿಯುತ್ತದೆ.

ಪರಂಪರೆಯಿಂದ ಬಂದ ಈ ಕಥೆಯನ್ನು ಓದುವಾಗ ನಮ್ಮವರು ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ಕವಿಯು ಲಿಂಗ ಕಟ್ಟಿಕೊಂಡನೆಂದು ನಾವು ಹಿಗ್ಗಬೇಕಾದುದೂ ಇಲ್ಲ, ಮರಳಿ ಹೋದನೆಂದು ಕುಗ್ಗಬೇಕಾದುದೂ ಇಲ್ಲ. ಮನೆಯವರ ಮೇಲಿನ ಮುನಿಸಿನಿಂದ ನೆರೆಮನೆಗೆ ಬಂದವನು ಅಲ್ಲಿ ಅತಿಥಿಯೇ ಆಗಿರುತ್ತಾನೆ. ದೀಕ್ಷೆಯು ಒಳಗಿನ ಅರಿವಿನಿಂದ ಆಗಬೇಕೇ ಹೊರತು ಹೊರಗಿನ ಅವಮಾನದಿಂದಲ್ಲ. ಬಂದಾಗ ಆದರಿಸಿ, ಹೊರಟಾಗ ಹರಸಿ ಕಳುಹಿಸುವುದೇ ಶರಣರ ಮನೆಗೆ ಭೂಷಣ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಿರಿ. ಅಥೆನ್ಸಿನವನು ಏನನ್ನೂ ಬರೆಯಲಿಲ್ಲ, ಆದರೂ ಸಭೆಯ ಮುಂದೆ ಅವನಾಡಿದ ಮಾತು ಉಳಿಯಿತು. ಮೂಡಬಿದಿರೆಯವನು ಹತ್ತು ಸಾವಿರ ಪದ್ಯಗಳನ್ನು ಬರೆದನು, ಆದರೆ ಅವನ ಸಮರ್ಥನೆಯ ಭಾಷಣವೊಂದೂ ನಮ್ಮ ಕೈಯಲ್ಲಿಲ್ಲ. ಅವನ ಪರವಾಗಿ ವಾದಿಸಿದ್ದು ಅವನ ಕೃತಿಯೇ. ಅಂದು ಆನೆಯೇರದ ಆ ಕಾವ್ಯವನ್ನು ಜೈನ ಬಂಧುಗಳೇ ಓಲೆಗರಿಗಳಲ್ಲಿ ಪ್ರತಿಮಾಡಿ ಕಾಪಾಡಿದರು, ಆದರದಿಂದ ಓದಿ ಹಾಡಿದರು. ಭರತೇಶನ ಹೆಸರೆತ್ತಿದರೆ ಕನ್ನಡಿಗರು ರತ್ನಾಕರನನ್ನೂ ನೆನೆಯುವರು. ತೀರ್ಪು ಬದಲಾಯಿತು. ಅದನ್ನು ಬದಲಾಯಿಸಿದ್ದು ಕವಿಯ ಕೋಪವೂ ಅಲ್ಲ, ಮತಾಂತರವೂ ಅಲ್ಲ, ಮಾಡಿದ ಕೆಲಸದ ಸತ್ತ್ವ.

ಕಲ್ಯಾಣದ ಭಂಡಾರ

ಮೂರನೆಯ ದೃಷ್ಟಾಂತವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. 12ನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು. ಅರಸನ ಬೊಕ್ಕಸವನ್ನು ಇವರು ಜಂಗಮರಿಗೆ ಸೂರೆಗೊಡುತ್ತಿರುವರೆಂದು ಅಸೂಯೆಯುಳ್ಳವರು ದೂರಿತ್ತರು. ಪುರಾಣಗಳು ಹೇಳುವಂತೆ ಅಣ್ಣನವರು ಭಂಡಾರವನ್ನೇ ತೆರೆದು ತೋರಿಸಿದರು. ಎಣಿಸಿ ನೋಡಿದರೆ ಹೊನ್ನು ಒಂದಿಷ್ಟೂ ಕಡಿಮೆಯಿರಲಿಲ್ಲ.

ಪುರಾಣವು ಇದನ್ನು ಶಿವನ ಮಹಿಮೆಯೆಂದು ವರ್ಣಿಸುತ್ತದೆ. ಭಕ್ತರು ಹಾಗೆಯೇ ನಂಬಲಿ. ಆದರೆ ಆ ಮಹಿಮೆಗೆ ಮೊದಲು ನಡೆದ ಒಂದು ಚಿಕ್ಕ ಕಾರ್ಯವನ್ನು ನಾವು ಕಡೆಗಣಿಸುತ್ತೇವೆ. ಬೀಗದ ಕೈಯನ್ನು ಮುಂದಿಡಲು ಅವರು ಹಿಂಜರಿಯಲಿಲ್ಲ. ಪರರ ಹಣದ ಲೆಕ್ಕವನ್ನು ಯಾವ ಗಳಿಗೆಯಲ್ಲಾದರೂ ಒಪ್ಪಿಸಲು ಸಿದ್ಧನಾಗಿರುವವನಿಗೆ ಉದ್ದನೆಯ ವಾದ ಬೇಕಾಗುವುದಿಲ್ಲ. ನುಡಿಗೂ ನಡೆಗೂ ಅಂತರವಿರಬಾರದೆಂದು ಶರಣರು ಪುನಃ ಪುನಃ ಬೋಧಿಸಿದುದು ಇದಕ್ಕಾಗಿಯೇ. ಅಂತರವಿದ್ದಲ್ಲಿ ಅದನ್ನು ಮುಚ್ಚಲು ವಾಕ್ಚಾತುರ್ಯ ಬೇಕು, ಇಲ್ಲದಲ್ಲಿ ಬಾಗಿಲು ತೆರೆದರೆ ಸಾಕು.

ಇದೇ ಕಲ್ಯಾಣದಲ್ಲಿ ಹರಳಯ್ಯ ಮಧುವಯ್ಯರ ಕಥೆಯೂ ನಡೆಯಿತು. ಮಕ್ಕಳ ಮದುವೆಯಿಂದ ಎರಡು ಕುಲಗಳನ್ನು ಕೂಡಿಸಿದ ಆ ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಅಥೆನ್ಸು ಸಾಕ್ರೆಟೀಸನಿಗೆ ನೀರು ಸೋರುವಷ್ಟು ಹೊತ್ತನ್ನಾದರೂ ಕೊಟ್ಟಿತು. ಹರಳಯ್ಯನವರ ಕಥೆಯಲ್ಲಿ ನಮಗೆ ಕೇಳಿಸುವುದು ಶಿಕ್ಷೆಯ ಸದ್ದು ಮಾತ್ರ. ಅವರ ಉತ್ತರ ಅವರ ಬಾಳಿನಲ್ಲಿಯೇ ಇದೆ.

ನಾವು ಕಲಿಯಬೇಕಾದುದು

ಸಾಕ್ರೆಟೀಸನು ನುಡಿಯಿಂದ ಉತ್ತರಿಸಿದನು, ರತ್ನಾಕರನು ಕೃತಿಯಿಂದ, ಬಸವಣ್ಣನವರು ಲೆಕ್ಕದಿಂದ. ಮೂರಕ್ಕೂ ಬೇರು ಒಂದೇ. ಆರೋಪ ಬರುವುದಕ್ಕೆ ಬಹಳ ಮುಂಚೆಯೇ ಅವರ ಉತ್ತರ ಸಿದ್ಧವಾಗಿತ್ತು. ಲಿಯೋನನನ್ನು ಹಿಡಿಯಲು ಹೋಗದೆ ಮನೆಗೆ ನಡೆದ ದಿನವೇ ಸಾಕ್ರೆಟೀಸನು ತನ್ನ ಸಮರ್ಥನೆಯ ಭಾಷಣವನ್ನು ಆರಂಭಿಸಿದ್ದನು. ನಾವಾದರೋ ನೋಟೀಸು ಬಂದ ಮೇಲೆ ಕಾಗದಪತ್ರಗಳನ್ನು ಹುಡುಕತೊಡಗುತ್ತೇವೆ!

ಗಣಾಚಾರದ ಹೆಸರಿನಲ್ಲಿ ಸಿಟ್ಟಿಗೇಳುವವರಿಗೂ ಇಲ್ಲಿ ಪಾಠವಿದೆ. ಧರ್ಮದ ನಿಂದೆಯನ್ನು ಸಹಿಸದಿರುವುದು ಬೇರೆ, ತನ್ನ ಮೇಲಿನ ದೂರನ್ನೇ ಧರ್ಮನಿಂದೆಯೆಂದು ಬಗೆದು ಹೊಡೆದಾಟಕ್ಕೆ ನಿಲ್ಲುವುದು ಬೇರೆ. ಸಂಘದ ಹಣದ ಲೆಕ್ಕ ಕೇಳಿದವನನ್ನು ಸಮಾಜದ್ರೋಹಿಯೆಂದು ಕರೆಯುವವನು ಅಣ್ಣನವರ ಭಂಡಾರದ ಕಥೆಯನ್ನು ಮತ್ತೊಮ್ಮೆ ಓದಲಿ.

ಇಷ್ಟು ಹೇಳಿದ ಮೇಲೆ, ಇನ್ನೊಂದು ಮಾತನ್ನು ಹೇಳದಿದ್ದರೆ ಪಾಠ ಅರ್ಧವಾಗುವುದು. ಬಾಳಿನಲ್ಲಿ ನಾವು ಆಪಾದಿತರಾಗುವುದು ಎಲ್ಲೋ ಒಮ್ಮೆ. ನ್ಯಾಯಾಧೀಶರಾಗಿ ಕೂರುವುದು ದಿನವೂ. ಸೊಸೆಯ ಮೇಲೆ, ಆಳಿನ ಮೇಲೆ, ಬೇರೆ ದಾರಿ ಹಿಡಿದ ಮಗನ ಮೇಲೆ, ಪ್ರಶ್ನೆ ಕೇಳಿದ ತರುಣನ ಮೇಲೆ ನಮ್ಮ ಮನೆಯ ಜಗುಲಿಯಲ್ಲಿಯೇ ಸಭೆ ನೆರೆಯುತ್ತದೆ. ಅಲ್ಲಿ ನೀರಿನ ಗಡಿಯಾರವಿದೆಯೆ? ಆಪಾದಿತನ ಮಾತನ್ನು ಕೊನೆಯವರೆಗೆ ಕೇಳುತ್ತೇವೆಯೆ? ಅಥವಾ ಎಂದೋ ನೋಡಿದ ನಾಟಕದ ನಗೆಯನ್ನು ನೆನೆದು ತೀರ್ಪು ಬರೆಯುತ್ತೇವೆಯೆ? ಒಬ್ಬನಿಗೆ ಅನ್ನವಿಕ್ಕಬಾರದೆಂದು ಕಟ್ಟು ಮಾಡುವುದು ಸುಲಭ. ಅವನ ಹತ್ತು ಸಾವಿರ ಪದ್ಯಗಳನ್ನು ಓದಿ ನೋಡುವುದು ಕಷ್ಟ.

ಪ್ರಶ್ನಿಸುವುದು ಹೇಗೆಂಬುದನ್ನು ಅನುಭವಮಂಟಪವು ತೋರಿಸಿಕೊಟ್ಟಿದೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಕೇಳಿದ ಪ್ರಶ್ನೆಗಳು ಕಠಿಣವಾಗಿಯೇ ಇದ್ದುವೆಂದು ಶೂನ್ಯಸಂಪಾದನೆಯಿಂದ ತಿಳಿಯುತ್ತದೆ. ಆದರೆ ಅವು ಅಕ್ಕನನ್ನು ಕೆಡಹುವ ಪ್ರಶ್ನೆಗಳಲ್ಲ, ಅವಳೊಳಗಿನ ಬೆಳಕನ್ನು ಸಭೆಗೆ ತೋರಿಸುವ ಪ್ರಶ್ನೆಗಳು. ಉತ್ತರ ಕೇಳಿದ ಮೇಲೆ ಪ್ರಶ್ನಿಸಿದವರೇ ತಲೆವಾಗಿದರು. ಐನೂರು ಮಂದಿಯ ಅಥೆನ್ಸಿನ ಸಭೆಗೆ ಸಾಧ್ಯವಾಗದುದು ಅಲ್ಲಿ ಸಾಧ್ಯವಾಯಿತು.

ಸಾಕ್ರೆಟೀಸನು ತನ್ನ ಮಕ್ಕಳನ್ನು ತಿದ್ದುವ ಕೆಲಸವನ್ನು ಊರಿಗೆ ಒಪ್ಪಿಸಿ ಹೋದನು. ಶರಣರ ಮನೆಗಳಲ್ಲಿ ಆ ಕೆಲಸ ಒಲೆಯ ಬಳಿಯೇ ನಡೆಯುತ್ತಿತ್ತು. ಆಯ್ದಕ್ಕಿಯ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸದೆ ಹಿಂದಕ್ಕೆ ಕಳುಹಿಸಿದರು. ಹೆಂಡತಿಯ ಪ್ರಶ್ನೆಗೆ ಗಂಡನು ಮುನಿಯಲಿಲ್ಲ, ಅಕ್ಕಿಯನ್ನು ಮರಳಿಸಿ ಬಂದನು. ಮನೆಯೊಳಗೆ ಇಂಥದೊಂದು ಪ್ರಶ್ನೆಗೆ ಎಡೆಯಿದ್ದರೆ ಹೊರಗಿನ ಸಭೆಯ ಭಯವೇಕೆ?

ಆದುದರಿಂದ ಸದ್ಭಕ್ತರು ಸಂಜೆಯ ಲಿಂಗಪೂಜೆಗೆ ಕುಳಿತಾಗ, ಕರಸ್ಥಲದ ಲಿಂಗವನ್ನು ನೋಡುತ್ತ, ಎರಡು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ. ಇಂದು ನನ್ನ ಭಂಡಾರದ ಬಾಗಿಲನ್ನು ತೆರೆಯೆಂದು ಯಾರಾದರೂ ಹೇಳಿದ್ದರೆ ನಾನು ತೆರೆಯಬಲ್ಲವನಾಗಿದ್ದೆನೆ? ಇಂದು ನಾನು ಯಾರ ಮಾತನ್ನು ಕೇಳದೆಯೇ ತೀರ್ಪು ಕೊಟ್ಟೆನು? ಮೊದಲನೆಯದಕ್ಕೆ ಹೌದೆಂದು ಹೇಳಬಲ್ಲವನು ಯಾವ ಸಭೆಗೂ ಅಂಜಬೇಕಾಗಿಲ್ಲ. ಎರಡನೆಯದಕ್ಕೆ ಉತ್ತರವಾಗಿ ಯಾರದಾದರೂ ಹೆಸರು ನೆನಪಿಗೆ ಬಂದರೆ, ಬೆಳಗಾಗುತ್ತಲೇ ಆ ಬಾಗಿಲಿಗೆ ಹೋಗಿ ಅವನ ಮಾತನ್ನು ಕೇಳಿ ಬರಲಿ.